ಬರ್ಮಾದಿಂದ ನಡೆದು ಬಂದ ಹುಡುಗ, ಕಾವೇರಿಯ ವಕೀಲ

ನಮ್ಮ ಬೇಗೂರಿನಲ್ಲಿ ಕಾವೇರಿ ಹರಿಯುವುದಿಲ್ಲ. ಆದರೂ ನಾವು ಕಾವೇರಿ ಕೊಳ್ಳದವರೇ. ಗುಂಡ್ಲುಹೊಳೆ ನಂಜನಗೂಡಿನ ಬಳಿ ಕಬಿನಿಯನ್ನು ಸೇರುತ್ತದೆ. ಕಬಿನಿ ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಇಲ್ಲಿನ ಅರಿಸಿನ, ಬಾಳೆ, ಸಣ್ಣ ಈರುಳ್ಳಿಯೆಲ್ಲ ಬೋರ್‌ವೆಲ್ ನಂಬಿ ಬೆಳೆಯುವಂಥವು. ಕಬಿನಿಯ ನೀರನ್ನು ಪಂಪ್ ಮಾಡಿ ಈ ಭಾಗದ ಕೆರೆಗಳನ್ನು ತುಂಬಿಸಿದ ವರ್ಷ ಬೋರ್‌ವೆಲ್‌ನಲ್ಲಿ ನೀರು ಏರುತ್ತದೆ, ತುಂಬಿಸದ ವರ್ಷ ಇಳಿಯುತ್ತದೆ. ಹಾಗಾಗಿ ಕಾವೇರಿಯಲ್ಲಿ ಕರ್ನಾಟಕದ ಪಾಲು ಎಷ್ಟು ಎಂಬ ಪ್ರಶ್ನೆ ದೆಹಲಿಯ ಕೋರ್ಟಿನದಷ್ಟೇ ಅಲ್ಲ, ನಮ್ಮ ಹೊಲದ ಪ್ರಶ್ನೆಯೂ ಹೌದು.

ಆ ಪಾಲಿಗಾಗಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕರ್ನಾಟಕದ ಪರವಾಗಿ ನಿಂತ ಹಿರಿಯ ವಕೀಲರು ಫಾಲಿ ಸ್ಯಾಮ್ ನಾರಿಮನ್. ಅವರು ಕರ್ನಾಟಕದವರಲ್ಲ, ಅವರ ಮನೆಮಾತು ಕನ್ನಡವಲ್ಲ. ಹುಟ್ಟಿದ್ದು ಇಂದಿನ ಭಾರತದಲ್ಲೂ ಅಲ್ಲ. ಯುದ್ಧದ ಕಾಲದಲ್ಲಿ ಮನೆ ಬಿಟ್ಟು ಕಾಡುದಾರಿಯಲ್ಲಿ ಭಾರತಕ್ಕೆ ಬಂದ ಬಾಲಕ ಅವರು. ಮುಂದೆ ದೇಶದ ದೊಡ್ಡ ವಕೀಲರಲ್ಲಿ ಒಬ್ಬರಾಗಿ, ರಾಜ್ಯಸಭೆಯ ಸದಸ್ಯರೂ ಆದರು. ಅವರ ಜೀವನದಿಂದ ವಿದ್ಯಾರ್ಥಿಗಳಾದ ನಾವು ಏನು ಕಲಿಯಬಹುದು ಎಂದು ನೋಡೋಣ.

ರಂಗೂನಿನಿಂದ ಹೊರಟ ದಾರಿ

ನಾರಿಮನ್ ಹುಟ್ಟಿದ್ದು 1929ರ ಜನವರಿ 10ರಂದು, ಬರ್ಮಾದ ರಂಗೂನಿನಲ್ಲಿ. ಪಾರ್ಸಿ ಕುಟುಂಬ. ಆಗ ಬರ್ಮಾ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ವ್ಯಾಪಾರ, ಕಚೇರಿ ಕೆಲಸ, ಕೂಲಿ ಎಂದು ಲಕ್ಷಾಂತರ ಭಾರತೀಯರು ಅಲ್ಲಿ ನೆಲೆಸಿದ್ದರು.

1941ರ ಡಿಸೆಂಬರ್ 23ರಂದು ಜಪಾನಿನ ವಿಮಾನಗಳು ರಂಗೂನಿನ ಮೇಲೆ ಬಾಂಬ್ ಹಾಕಿದವು. 1942ರ ಮಾರ್ಚ್‌ನಲ್ಲಿ ನಗರ ಜಪಾನಿನ ಕೈವಶವಾಯಿತು. ಆ ಕೆಲವೇ ತಿಂಗಳಲ್ಲಿ ಸುಮಾರು ಐದು ಲಕ್ಷ ಭಾರತೀಯರು ಬರ್ಮಾ ಬಿಟ್ಟು ಬಂದರು ಎಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಹಣವಿದ್ದ ಕೆಲವರಿಗೆ ಹಡಗು ಸಿಕ್ಕಿತು. ಉಳಿದವರು ಬೆಟ್ಟ, ಕಾಡು, ಕೆಸರು ದಾಟಿ ನಡೆದರು. ಕಾಲರಾ, ಮಲೇರಿಯಾ, ಹಸಿವಿನಿಂದ ಸಾವಿರಾರು ಜನ ದಾರಿಯಲ್ಲೇ ಸತ್ತರು. ನಾರಿಮನ್ ಕುಟುಂಬ ಕೂಡ ಕಾಡುದಾರಿ ಹಿಡಿದು ಮಣಿಪುರದ ಇಂಫಾಲ ಸೇರಿ, ಅಲ್ಲಿಂದ ಮುಂದೆ ಸಾಗಿತು. ಆಗ ಅವರ ವಯಸ್ಸು 13. ನಮ್ಮಲ್ಲಿ ಎಂಟನೇ ತರಗತಿಯ ಹುಡುಗನ ವಯಸ್ಸು.

‘ನಿರಾಶ್ರಿತ’ ಎಂಬ ಪದವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಯುದ್ಧ, ಹಿಂಸೆ ಅಥವಾ ಕಿರುಕುಳದ ಭಯದಿಂದ ತನ್ನ ನೆಲೆ ಬಿಟ್ಟು ಬೇರೆಡೆ ಆಶ್ರಯ ಹುಡುಕುವವನನ್ನು ನಾವು ಸಾಮಾನ್ಯವಾಗಿ ಹಾಗೆ ಕರೆಯುತ್ತೇವೆ. 1951ರ ಅಂತಾರಾಷ್ಟ್ರೀಯ ನಿರಾಶ್ರಿತರ ಒಪ್ಪಂದದಲ್ಲಿ ಇದಕ್ಕೆ ಕಾನೂನಿನ ವ್ಯಾಖ್ಯಾನವಿದೆ. ಆ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದರೂ ನಮ್ಮ ಸಂವಿಧಾನದ 14 ಮತ್ತು 21ನೇ ವಿಧಿಗಳು ನಾಗರಿಕರಿಗೆ ಮಾತ್ರ ಸೀಮಿತವಲ್ಲ. ಸಮಾನತೆ ಮತ್ತು ಜೀವದ ರಕ್ಷಣೆಯನ್ನು ಅವು ‘ಯಾವುದೇ ವ್ಯಕ್ತಿ’ಗೆ ಕೊಡುತ್ತವೆ. ಪರೀಕ್ಷೆಯಲ್ಲಿ ಇದು ಒಂದು ಅಂಕದ ಪ್ರಶ್ನೆ. ಊರು ಬಿಟ್ಟು ಬಂದವನಿಗೆ ಅದೇ ಪೂರ್ತಿ ಆಸರೆ.

ಕೊನೆಯ ಆಯ್ಕೆಯಾಗಿ ಕಾನೂನು

ನಾರಿಮನ್ ಶಿಮ್ಲಾದ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದರು. ನಂತರ ಮುಂಬೈನ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಮತ್ತು ಇತಿಹಾಸ ತೆಗೆದುಕೊಂಡು ಬಿ.ಎ. ಮಾಡಿದರು. ಮಗ ಐ.ಸಿ.ಎಸ್. ಪರೀಕ್ಷೆ ಬರೆಯಬೇಕೆಂದು ತಂದೆಗೆ ಆಸೆಯಿತ್ತು. ಅದಕ್ಕೆ ಬೇಕಾದ ಹಣ ಇರಲಿಲ್ಲ. ಹಾಗಾಗಿ ಕಾನೂನು ಅವರಿಗೆ ಮೊದಲ ಆಯ್ಕೆಯಲ್ಲ, ಕೊನೆಯ ಆಯ್ಕೆ. ಈ ಮಾತು ಓದಿದಾಗ ನನಗೆ ಸಮಾಧಾನವಾಯಿತು. ವಾಣಿಜ್ಯ ವಿಭಾಗಕ್ಕೆ ಸೇರಿದ ನಮ್ಮಲ್ಲಿ ಹಲವರಿಗೂ ಇದು ಮೊದಲ ಆಯ್ಕೆಯಾಗಿರಲಿಲ್ಲ.

ಮುಂಬೈನ ಸರ್ಕಾರಿ ಕಾನೂನು ಕಾಲೇಜಿನಲ್ಲಿ ಓದಿ, 1950ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ವಕೀಲಿ ಆರಂಭಿಸಿದರು. ಅಲ್ಲಿ ಎರಡು ದಶಕ ದುಡಿದರು. 1971ರಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲರಾದರು. 1972ರಲ್ಲಿ ಕೇಂದ್ರ ಸರ್ಕಾರ ಅವರನ್ನು ಅಡಿಷನಲ್ ಸಾಲಿಸಿಟರ್ ಜನರಲ್ ಆಗಿ ನೇಮಿಸಿತು. ಎಂದರೆ ಸರ್ಕಾರದ ಪರ ವಾದಿಸುವ ಅತಿ ಹಿರಿಯ ಕಾನೂನು ಅಧಿಕಾರಿಗಳಲ್ಲಿ ಒಬ್ಬರು.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಜೂನ್ 27ರಂದು ನಾರಿಮನ್ ರಾಜೀನಾಮೆ ಕೊಟ್ಟರು. ವಿರೋಧ ಪಕ್ಷದ ನಾಯಕರು ಜೈಲಿನಲ್ಲಿದ್ದರು, ಪತ್ರಿಕೆಗಳಿಗೆ ಸೆನ್ಸಾರ್ ಬಂದಿತ್ತು. ಅಂಥ ಹೊತ್ತಿನಲ್ಲಿ ಹುದ್ದೆ ಬಿಡುವುದು ಸುಲಭದ ಕೆಲಸವಾಗಿರಲಿಲ್ಲ.

ಇನ್ನೊಮ್ಮೆಯೂ ಅವರು ಹೀಗೆ ಮಾಡಿದರು. ನರ್ಮದಾ ಪ್ರಕರಣದಲ್ಲಿ ಅವರು ಗುಜರಾತ್ ಸರ್ಕಾರದ ವಕೀಲರಾಗಿದ್ದರು. 1998ರಲ್ಲಿ ಆ ರಾಜ್ಯದಲ್ಲಿ ಕ್ರೈಸ್ತರ ಮೇಲೆ ದಾಳಿಗಳಾದಾಗ ಪ್ರಕರಣವನ್ನೇ ಹಿಂದಿರುಗಿಸಿದರು. ದೊಡ್ಡ ಕಕ್ಷಿದಾರ, ದೊಡ್ಡ ಫೀಸು, ಎರಡನ್ನೂ ಬಿಟ್ಟರು.

ಹಾಗೆಂದು ಅವರ ಜೀವನದಲ್ಲಿ ತಪ್ಪೇ ಇಲ್ಲ ಎಂದು ಬರೆದರೆ ಅದು ಪಾಠವಾಗುವುದಿಲ್ಲ, ಹೊಗಳಿಕೆಯಾಗುತ್ತದೆ. 1984ರ ಭೋಪಾಲ್ ಅನಿಲ ದುರಂತದ ನಂತರ ಅವರು ಯೂನಿಯನ್ ಕಾರ್ಬೈಡ್ ಕಂಪನಿಯ ಪರ ವಾದಿಸಿದರು. ಸಾವಿರಾರು ಜನರ ಸಾವಿಗೆ ಕಾರಣವಾದ ಕಂಪನಿ ಅದು. ಆ ಪ್ರಕರಣವನ್ನು ತೆಗೆದುಕೊಳ್ಳಬಾರದಿತ್ತು ಎಂದು ನಂತರದ ವರ್ಷಗಳಲ್ಲಿ ಅವರೇ ಒಪ್ಪಿಕೊಂಡರು. ವಕೀಲನಿಗೆ ಕಕ್ಷಿದಾರನ ಮೇಲಿನ ಕರ್ತವ್ಯ ದೊಡ್ಡದೋ, ಮನಸ್ಸಾಕ್ಷಿ ದೊಡ್ಡದೋ ಎಂಬ ಪ್ರಶ್ನೆಗೆ ಅವರ ಜೀವನದಲ್ಲಿ ಎರಡೂ ಬಗೆಯ ಉತ್ತರಗಳಿವೆ.

ರಾಜ್ಯಸಭೆಯಲ್ಲಿ

1999ರಲ್ಲಿ ರಾಷ್ಟ್ರಪತಿಗಳು ನಾರಿಮನ್ ಅವರನ್ನು ರಾಜ್ಯಸಭೆಗೆ ನಾಮಕರಣ ಮಾಡಿದರು. ಸಂವಿಧಾನದ 80ನೇ ವಿಧಿಯ ಪ್ರಕಾರ ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಯಲ್ಲಿ ವಿಶೇಷ ಜ್ಞಾನ ಅಥವಾ ಅನುಭವ ಇರುವ 12 ಜನರನ್ನು ಹೀಗೆ ನಾಮಕರಣ ಮಾಡಬಹುದು. ಅವರು 2005ರವರೆಗೆ ಸದಸ್ಯರಾಗಿದ್ದರು. ಗದ್ದಲ ಮಾಡಿ ಕಲಾಪ ಕೆಡಿಸುವ ಸದಸ್ಯರಿಗೆ ಭತ್ಯೆ ಸಿಗಬಾರದು ಎಂಬ ಖಾಸಗಿ ಮಸೂದೆಯನ್ನೂ ತಂದರು. ಅದು ಕಾಯ್ದೆಯಾಗಲಿಲ್ಲ. ಆಗಿದ್ದರೆ ಪಾರ್ಲಿಮೆಂಟಿನ ಖರ್ಚು ಎಷ್ಟು ಉಳಿಯುತ್ತಿತ್ತು ಎಂದು ನಮ್ಮ ಲೆಕ್ಕಶಾಸ್ತ್ರದ ತರಗತಿಯಲ್ಲಿ ಲೆಕ್ಕ ಹಾಕಬಹುದಿತ್ತು!

2011ರ ಜನಗಣತಿಯಲ್ಲಿ ಇಡೀ ಭಾರತದ ಪಾರ್ಸಿಗಳ ಸಂಖ್ಯೆ 57,264. ನಮ್ಮ ಗುಂಡ್ಲುಪೇಟೆ ತಾಲ್ಲೂಕೊಂದರಲ್ಲೇ ಎರಡು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಅಷ್ಟು ಸಣ್ಣ ಸಮುದಾಯದ, ನೆಲೆ ಕಳೆದುಕೊಂಡು ಬಂದ ಒಬ್ಬರು ಯಾವ ಪಕ್ಷಕ್ಕೂ ಸೇರದೆ ಪಾರ್ಲಿಮೆಂಟಿಗೆ ಹೋದದ್ದು ಗಮನಿಸಬೇಕಾದ ಸಂಗತಿ.

ಇದೇ ರೀತಿ ಬಂದ ಇನ್ನೊಬ್ಬರಿಗೂ ಕರ್ನಾಟಕದ ನಂಟಿದೆ. ರಾಮ್ ಜೇಠ್ಮಲಾನಿ ಸಿಂಧ್ ಪ್ರಾಂತ್ಯದ ಶಿಕಾರ್‌ಪುರದವರು. 17ನೇ ವಯಸ್ಸಿನಲ್ಲೇ, ಅಂದರೆ ನಮ್ಮ ವಯಸ್ಸಿನಲ್ಲಿ, ಕಾನೂನು ಪದವಿ ಪಡೆದಿದ್ದರು. 1948ರಲ್ಲಿ ಕರಾಚಿ ಬಿಟ್ಟು ಮುಂಬೈಗೆ ಬಂದು ನಿರಾಶ್ರಿತರ ಶಿಬಿರದಲ್ಲಿದ್ದರು. ನಿರಾಶ್ರಿತರನ್ನು ಕೀಳಾಗಿ ಕಾಣುತ್ತಿದ್ದ ಬಾಂಬೆ ಸರ್ಕಾರದ ಕಾಯ್ದೆಯೊಂದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿ ಗೆದ್ದರು. 1977ರಲ್ಲಿ ಲೋಕಸಭೆಗೆ ಆಯ್ಕೆಯಾದರು. 1988ರಲ್ಲಿ ಅವರನ್ನು ರಾಜ್ಯಸಭೆಗೆ ಕಳಿಸಿದ್ದು ನಮ್ಮ ಕರ್ನಾಟಕ. ಮುಂದೆ ಕೇಂದ್ರ ಕಾನೂನು ಸಚಿವರಾದರು. ಇಬ್ಬರ ಸ್ವಭಾವ ಬೇರೆ, ರಾಜಕೀಯ ಬೇರೆ. ಆದರೆ ಬರಿಗೈಯಲ್ಲಿ ಬಂದ ಇಬ್ಬರಿಗೂ ಮೊದಲು ಕೈಗೆ ಸಿಕ್ಕ ಆಸ್ತಿ ಕಾನೂನೇ.

ಕಾವೇರಿ: ವಾದಿಸಲು ಒಪ್ಪದ ದಿನ

ಈಗ ನಮ್ಮ ನೀರಿನ ವಿಷಯಕ್ಕೆ ಬರೋಣ. ರಾಜ್ಯಗಳ ನಡುವಿನ ನದಿ ವಿವಾದಕ್ಕೆ ಸಂವಿಧಾನದ 262ನೇ ವಿಧಿ ಮತ್ತು 1956ರ ಅಂತರರಾಜ್ಯ ಜಲವಿವಾದ ಕಾಯ್ದೆ ಆಧಾರ. ಅದರಂತೆ 1990ರ ಜೂನ್ 2ರಂದು ಕಾವೇರಿ ನ್ಯಾಯಮಂಡಳಿ ರಚನೆಯಾಯಿತು. 2007ರ ಫೆಬ್ರುವರಿ 5ರಂದು ಅದು ಅಂತಿಮ ತೀರ್ಪು ಕೊಟ್ಟಿತು. ಒಟ್ಟು 740 ಟಿಎಂಸಿ ನೀರಿನಲ್ಲಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. ಉಳಿದ 14 ಪರಿಸರಕ್ಕೆ ಮತ್ತು ಸಮುದ್ರಕ್ಕೆ. ಈ ತೀರ್ಪಿನ ವಿರುದ್ಧ ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು.

2016ರಲ್ಲಿ ಮಳೆ ಕೈಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ತಮಿಳುನಾಡಿಗೆ ನೀರು ಬಿಡುವಂತೆ ಸುಪ್ರೀಂ ಕೋರ್ಟ್ ಒಂದರ ಮೇಲೊಂದು ಆದೇಶ ಕೊಟ್ಟಿತು. ಬೆಂಗಳೂರಿನಲ್ಲಿ ಬಸ್ಸು, ಲಾರಿಗಳಿಗೆ ಬೆಂಕಿ ಬಿತ್ತು. ನಾನಾಗ ಪುಟ್ಟ ಹುಡುಗ. ನಮ್ಮ ಹೆದ್ದಾರಿಯಲ್ಲಿ ತಮಿಳುನಾಡಿನ ನಂಬರಿನ ಲಾರಿಗಳು ಕೆಲವು ದಿನ ಕಾಣದೇ ಹೋದದ್ದು ಮಾತ್ರ ನೆನಪಿದೆ. ಜಲಾಶಯದ ನೀರು ಕುಡಿಯಲು ಮಾತ್ರ ಎಂದು ನಮ್ಮ ವಿಧಾನಮಂಡಲ ನಿರ್ಣಯ ಮಾಡಿತು. ಕೋರ್ಟಿನ ಆದೇಶ ಪಾಲನೆಯಾಗಲಿಲ್ಲ.

ಆಗ ಸುಪ್ರೀಂ ಕೋರ್ಟಿನಲ್ಲಿ ನಾರಿಮನ್ ಎದ್ದು ನಿಂತು, ಆದೇಶ ಪಾಲನೆಯಾಗದೆ ತಾನು ಮುಂದೆ ವಾದಿಸುವುದಿಲ್ಲ ಎಂದರು. ತಮ್ಮ ನಿಲುವನ್ನು ಮುಖ್ಯಮಂತ್ರಿಗೂ ತಿಳಿಸಿದ್ದರು. ಅವರಿಗೆ ಆಗ 87 ವರ್ಷ.

ಇದನ್ನು ಮೊದಲು ಕೇಳಿದಾಗ ನನಗೆ ಸಿಟ್ಟೇ ಬಂದಿತ್ತು. ನಮ್ಮ ವಕೀಲರೇ ನಮ್ಮ ಪರ ಬಾಯಿ ತೆರೆಯದಿದ್ದರೆ ಹೇಗೆ? ಬರಗಾಲದಲ್ಲಿ ನೀರು ಬಿಡು ಎಂದರೆ ಎಲ್ಲಿಂದ ಬಿಡುವುದು? ರೈತರ ಕಷ್ಟ ಸುಳ್ಳಲ್ಲವಲ್ಲ? ಈ ಪ್ರಶ್ನೆಗಳು ಇಂದಿಗೂ ನ್ಯಾಯವಾದವುಗಳೇ. ಆದರೆ ವಕೀಲರ ಜಾಗದಲ್ಲಿ ನಿಂತು ಯೋಚಿಸಿದರೆ ಇನ್ನೊಂದು ಮುಖ ಕಾಣುತ್ತದೆ. ‘ನಿಮ್ಮ ಆದೇಶವನ್ನು ನಾವು ಪಾಲಿಸುವುದಿಲ್ಲ, ಆದರೆ ನೀವು ನಮ್ಮ ಪರ ಆದೇಶ ಕೊಡಿ’ ಎಂದು ಯಾವ ನ್ಯಾಯಾಧೀಶರ ಮುಂದೆ ಹೇಳಲು ಸಾಧ್ಯ? ನಾಳೆ ಆದೇಶ ನಮ್ಮ ಪರ ಬಂದು, ಎದುರಿನವರು ಪಾಲಿಸದಿದ್ದರೆ ನಾವು ಯಾವ ಬಾಯಲ್ಲಿ ಕೇಳುವುದು?

ಅಕ್ಟೋಬರ್ 3ರಂದು ವಿಧಾನಮಂಡಲ ಮತ್ತೆ ಸೇರಿ ನೀರು ಬಿಡಲು ದಾರಿ ಮಾಡಿತು. ನಾರಿಮನ್ ಮತ್ತೆ ಕರ್ನಾಟಕದ ಪರ ವಾದಿಸಿದರು. 2018ರ ಫೆಬ್ರುವರಿ 16ರಂದು ಅಂತಿಮ ತೀರ್ಪು ಬಂತು. ಕರ್ನಾಟಕದ ಪಾಲು 270ರಿಂದ 284.75 ಟಿಎಂಸಿಗೆ ಏರಿತು. ಹೆಚ್ಚಾದ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಉಳಿದ 10 ತಮಿಳುನಾಡಿನ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದದ್ದರಿಂದ ಬಂದದ್ದು. ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ ಬಿಡಬೇಕಾದ ನೀರು 192ರಿಂದ 177.25ಕ್ಕೆ ಇಳಿಯಿತು.

ಇಲ್ಲಿ ವಾಣಿಜ್ಯ ವಿದ್ಯಾರ್ಥಿಯಾಗಿ ಒಂದು ಸಣ್ಣ ಲೆಕ್ಕ ಮಾಡಿದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. 2016ರ ಸೆಪ್ಟೆಂಬರ್ 30ರ ಆದೇಶ ಅಕ್ಟೋಬರ್ 1ರಿಂದ 6ರವರೆಗೆ ದಿನವೂ 6,000 ಕ್ಯೂಸೆಕ್ ಬಿಡಬೇಕೆಂದಿತ್ತು.

6,000 × 86,400 ಸೆಕೆಂಡು × 6 ದಿನ = ಸುಮಾರು 3.1 ಟಿಎಂಸಿ.

ಆ ದಿನ ಜಗಳವಿದ್ದದ್ದು ಈ 3.1 ಟಿಎಂಸಿಗೆ, ಅದೂ ಒಂದು ಸಲಕ್ಕೆ. 2018ರಲ್ಲಿ ಸಿಕ್ಕಿದ್ದು ಪ್ರತಿ ವರ್ಷ 14.75 ಟಿಎಂಸಿ. ಕಬಿನಿ ಜಲಾಶಯದ ಪೂರ್ಣ ಸಾಮರ್ಥ್ಯ 19.52 ಟಿಎಂಸಿ. ಅಂದರೆ ಹೆಚ್ಚಿಗೆ ಸಿಕ್ಕಿದ್ದು ಕಬಿನಿಯ ಸುಮಾರು ಮುಕ್ಕಾಲು ಭಾಗ. ಆದೇಶ ಪಾಲಿಸಿದ್ದರಿಂದಲೇ ಇಷ್ಟು ಸಿಕ್ಕಿತು ಎಂದು ನಾನು ಹೇಳುವುದಿಲ್ಲ. ತೀರ್ಪು ಬಂದದ್ದು ದಾಖಲೆ ಮತ್ತು ವಾದದ ಮೇಲೆ. ಆದರೆ ವಾದ ಮಾಡಲು ನಮಗೆ ಅಲ್ಲಿ ನಿಲ್ಲುವ ಜಾಗ ಉಳಿದಿರಬೇಕಿತ್ತು. ಆ ಜಾಗವನ್ನು ಉಳಿಸಿದ್ದು ಅಂದಿನ ಮೌನ.

ನಮ್ಮ ಕಾಲೇಜಿಗೂ ಸಂಬಂಧವಿದೆ

ನಾರಿಮನ್ ವಾದಿಸಿದ ಇನ್ನೊಂದು ಪ್ರಮುಖ ಪ್ರಕರಣ ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರ್ಕಾರದ ನಡುವಿನದು. ಮಣಿಪಾಲದಿಂದ ಹೊರಟ ಈ ಪ್ರಕರಣವನ್ನು ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರ ಪೀಠ ವಿಚಾರಿಸಿ 2002ರ ಅಕ್ಟೋಬರ್ 31ರಂದು ತೀರ್ಪು ಕೊಟ್ಟಿತು. ಧರ್ಮ ಅಥವಾ ಭಾಷೆಯ ಅಲ್ಪಸಂಖ್ಯಾತರು ತಮ್ಮ ಇಷ್ಟದ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸಬಹುದು ಎನ್ನುವ 30ನೇ ವಿಧಿಯ ಅರ್ಥವೇನು ಎಂಬುದು ಅಲ್ಲಿನ ಮುಖ್ಯ ಪ್ರಶ್ನೆ. ಯಾರು ಅಲ್ಪಸಂಖ್ಯಾತರು ಎಂಬುದನ್ನು ರಾಜ್ಯವಾರು ನೋಡಬೇಕು, ಹಕ್ಕು ಇದೆ, ಆದರೆ ಶಿಕ್ಷಣದ ಗುಣಮಟ್ಟಕ್ಕಾಗಿ ಸರ್ಕಾರ ನಿಯಮ ಮಾಡಬಹುದು ಎಂದು ಕೋರ್ಟ್ ಹೇಳಿತು.

ನಾವು ದಿನವೂ ಹಾಜರಿ ಹೇಳುವ ಈ ಕಾಲೇಜು ಯಾರದೋ ದಯೆಯಿಂದ ನಿಂತಿಲ್ಲ, ಸಂವಿಧಾನದ ಒಂದು ವಿಧಿಯ ಮೇಲೆ ನಿಂತಿದೆ. ಇಲ್ಲಿ ಎಲ್ಲ ಧರ್ಮದ ವಿದ್ಯಾರ್ಥಿಗಳು ಒಂದೇ ಬೆಂಚಿನಲ್ಲಿ ಕೂರುತ್ತೇವೆ, ಒಂದೇ ಬೋರ್ಡಿನ ಪರೀಕ್ಷೆ ಬರೆಯುತ್ತೇವೆ. ಸಂಖ್ಯೆ ಕಡಿಮೆ ಇರುವವರಿಗೆ, ಬಡವರಿಗೆ, ಹೊಸದಾಗಿ ಬಂದವರಿಗೆ ಕೂಗುವ ಬಲ ಇರುವುದಿಲ್ಲ. ಅವರಿಗೆ ಇರುವುದು ಬರೆದಿಟ್ಟ ಕಾನೂನಿನ ಬಲ. ಆದ್ದರಿಂದ ಕಾನೂನಿಗೆ ಬೆಲೆ ಇಲ್ಲದಂತಾದರೆ ಮೊದಲು ನಷ್ಟವಾಗುವುದು ಅವರಿಗೇ. ನಿರಾಶ್ರಿತನಾಗಿ ಬಂದ ನಾರಿಮನ್‌ಗೆ ಇದು ಚೆನ್ನಾಗಿ ಗೊತ್ತಿತ್ತು ಎಂದು ನನಗನ್ನಿಸುತ್ತದೆ. ತಮಗೆ ವಿರುದ್ಧವಾದ ಆದೇಶವನ್ನೂ ಪಾಲಿಸಿ ಎಂದು ತಮ್ಮ ಕಕ್ಷಿದಾರರಿಗೇ ಹೇಳಲು ಅವರಿಗೆ ಸಾಧ್ಯವಾದದ್ದು ಬಹುಶಃ ಇದರಿಂದಲೇ.

ಇಸ್ಲಾಮಿನ ಇತಿಹಾಸದಲ್ಲೂ ಇಂಥ ಒಂದು ಪ್ರಸಂಗ ಇದೆ. ಮಕ್ಕಾದಲ್ಲಿ ಕಿರುಕುಳ ತಾಳಲಾರದೆ ಮೊದಲ ಮುಸ್ಲಿಮರ ಒಂದು ಗುಂಪು ಸಮುದ್ರ ದಾಟಿ ಅಬಿಸೀನಿಯಾಕ್ಕೆ ಹೋಯಿತು. ಅವರನ್ನು ಹಿಡಿದು ಒಪ್ಪಿಸಿ ಎಂದು ಕುರೈಷಿಗಳ ದೂತರು ಕಾಣಿಕೆಗಳೊಂದಿಗೆ ಬಂದರು. ಕ್ರೈಸ್ತ ದೊರೆ ನಜಾಶಿ ಕಾಣಿಕೆ ನೋಡಿ ತೀರ್ಮಾನಿಸಲಿಲ್ಲ. ಬಂದವರ ಮಾತನ್ನೂ ಕೇಳುತ್ತೇನೆ ಎಂದರು. ನಿರಾಶ್ರಿತರ ಪರ ಹಝ್ರತ್ ಜಾಫರ್ (ರ) ಮಾತನಾಡಿದರು. ಎರಡೂ ಕಡೆ ಕೇಳಿದ ದೊರೆ ಅವರನ್ನು ಒಪ್ಪಿಸಲಿಲ್ಲ, ಕಾಣಿಕೆ ಹಿಂದಿರುಗಿಸಿದರು. ಎರಡೂ ಕಡೆ ಕೇಳಬೇಕು ಎಂಬುದು ಇಂದಿಗೂ ಸಹಜ ನ್ಯಾಯದ ಮೊದಲ ನಿಯಮಗಳಲ್ಲಿ ಒಂದು.

ನಾವೂ ಈ ದಾರಿ ಹಿಡಿಯಬಹುದೇ?

ಕಾನೂನು ಓದಲು ಕಲಾ ವಿಭಾಗವೇ ಬೇಕು, ಇಂಗ್ಲಿಷ್ ಮನೆಯವರಾಗಿರಬೇಕು ಎಂಬ ಮಾತು ನಮ್ಮ ನಡುವೆ ಇದೆ. ಎರಡೂ ಸರಿಯಲ್ಲ. ಯಾವುದೇ ವಿಭಾಗದಲ್ಲಿ ಪಿಯುಸಿ ಮುಗಿಸಿದವರು ಐದು ವರ್ಷದ ಸಂಯೋಜಿತ ಕಾನೂನು ಪದವಿಗೆ ಸೇರಬಹುದು. ಬಿ.ಎ. ಜೊತೆಗೆ ಮಾತ್ರವಲ್ಲ, ಬಿ.ಕಾಂ. ಅಥವಾ ಬಿ.ಬಿ.ಎ. ಜೊತೆಗೂ ಎಲ್‌ಎಲ್‌.ಬಿ. ಕೊಡುವ ಕಾಲೇಜುಗಳಿವೆ. ಪದವಿ ಮುಗಿಸಿ ಮೂರು ವರ್ಷದ ಎಲ್‌ಎಲ್‌.ಬಿ. ಕೂಡ ಮಾಡಬಹುದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಂಥ ಸಂಸ್ಥೆಗಳ ಐದು ವರ್ಷದ ಪದವಿಗೆ ಕ್ಲಾಟ್ ಪರೀಕ್ಷೆ ಬರೆಯಬೇಕು. ಅದು ಇಂಗ್ಲಿಷಿನಲ್ಲಿರುವುದರಿಂದ ಈಗಿನಿಂದಲೇ ದಿನಕ್ಕೆ ಒಂದು ಸಂಪಾದಕೀಯ ಓದುವ ಅಭ್ಯಾಸ ಬೇಕು. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಧೀನದ ಕಾಲೇಜುಗಳು ಮೈಸೂರಿನಲ್ಲೇ ಇವೆ. ಪದವಿಯ ನಂತರ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು.

ಇನ್ನು ಭಾಷೆಯ ಅಂಜಿಕೆ. ಮನೆಯಲ್ಲಿ ಉರ್ದು ಮಾತನಾಡುವ ನನಗೆ ಕನ್ನಡದ ಕೋರ್ಟು ಕಾಗದ ಮೊದಲ ಸಲ ನೋಡಿದಾಗ ಆಶ್ಚರ್ಯವಾಯಿತು. ವಕೀಲ, ವಕಾಲತ್ತು, ಕಾನೂನು, ಅರ್ಜಿ, ದಾವಾ, ಜಾಮೀನು, ಹಕ್ಕು, ತಕರಾರು, ಜಪ್ತಿ, ದಸ್ತಾವೇಜು. ಅರ್ಧ ಪದಗಳು ನಮ್ಮ ಅಜ್ಜಿಗೂ ಗೊತ್ತು! ಅರಬ್ಬಿ, ಫಾರ್ಸಿಯಿಂದ ಬಂದ ಈ ಪದಗಳು ಕನ್ನಡದಲ್ಲಿ ಎಷ್ಟು ಕಾಲದಿಂದ ನೆಲೆಸಿವೆಯೆಂದರೆ ಅವನ್ನು ಯಾರೂ ‘ನೀವು ಎಲ್ಲಿಯವರು’ ಎಂದು ಕೇಳುವುದಿಲ್ಲ.

ನಾರಿಮನ್ 2024ರ ಫೆಬ್ರುವರಿ 21ರಂದು ದೆಹಲಿಯಲ್ಲಿ 95ನೇ ವಯಸ್ಸಿನಲ್ಲಿ ತೀರಿಕೊಂಡರು. ಮುಂದಿನ ಸಲ ಊರಿನ ಕೆರೆಗೆ ಕಬಿನಿ ನೀರು ಬಂದಾಗ, ಸೈಕಲ್ ನಿಲ್ಲಿಸಿ ನೋಡುವವರು ಅವರನ್ನೂ ಒಮ್ಮೆ ನೆನೆಯಲಿ.

ನೆನಪಿಡಲು

1929 – ರಂಗೂನಿನಲ್ಲಿ ಜನನ
1942 – ಬರ್ಮಾ ಬಿಟ್ಟು ಭಾರತಕ್ಕೆ
1950 – ಬಾಂಬೆ ಹೈಕೋರ್ಟಿನಲ್ಲಿ ವಕೀಲಿ ಆರಂಭ
1975 – ತುರ್ತು ಪರಿಸ್ಥಿತಿ ವಿರೋಧಿಸಿ ರಾಜೀನಾಮೆ
1991 – ಪದ್ಮಭೂಷಣ; 2007 – ಪದ್ಮವಿಭೂಷಣ
1999–2005 – ರಾಜ್ಯಸಭೆಯ ನಾಮಕರಣ ಸದಸ್ಯ
2018 – ಕಾವೇರಿ ಅಂತಿಮ ತೀರ್ಪು, ಕರ್ನಾಟಕಕ್ಕೆ 284.75 ಟಿಎಂಸಿ

ಯೋಚಿಸಿ, ತರಗತಿಯಲ್ಲಿ ಚರ್ಚಿಸಿ

1. 2016ರಲ್ಲಿ ನೀವು ಕರ್ನಾಟಕದ ವಕೀಲರಾಗಿದ್ದರೆ ಏನು ಮಾಡುತ್ತಿದ್ದಿರಿ? ರೈತರಿಗೆ ಏನು ಹೇಳುತ್ತಿದ್ದಿರಿ?
2. ತಪ್ಪು ಮಾಡಿದ ಕಂಪನಿಗೂ ವಕೀಲರು ಬೇಕೇ? ಭೋಪಾಲ್ ಉದಾಹರಣೆಯಿಂದ ಉತ್ತರಿಸಿ.
3. 14, 21 ಮತ್ತು 30ನೇ ವಿಧಿಗಳಲ್ಲಿ ಯಾವುದು ನಾಗರಿಕರಲ್ಲದವರಿಗೂ ಅನ್ವಯಿಸುತ್ತದೆ ಎಂದು ಸಂವಿಧಾನದ ಪುಸ್ತಕದಲ್ಲಿ ನೋಡಿ ಬರೆಯಿರಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ